ಗುಬ್ಬಿ ಬಿಡುವ ಹೊತ್ತು

ಇದು ನಿಜವಾಗಿ ನಡೆದದ್ದು. ನಾನು ಹೀಗೆ ಶುರು ಮಾಡಿದ ಕೂಡಲೇ ನನ್ನ ಕೀಟಲೆ ಬಲ್ಲವರು ತಾವು ಕೂತ ಕುರ್ಚಿಯ ಕಾಲನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಳ್ಳುತ್ತಾರೆ. ನೀವೂ ನೋಡಿಕೊಳ್ಳಿ, ಕಾಯುತ್ತೇನೆ. ಆಯಿತೇ? ಸರಿ. ಹೇಳುತ್ತಿರುವ ನಾನು ವಿಶಾಲಾಕ್ಷಿ, ಕೆಮಿಕಲ್ ಎಂಜಿನಿಯರು. ಕಣ್ಣು ಹೆಸರಿನಲ್ಲಿ ಮಾತ್ರ ವಿಶಾಲ, ಉಳಿದಂತೆ ಸೋಡಾಬುಡ್ಡಿ ಕನ್ನಡಕ. ನಡೆದದ್ದು ಹರಿಹರದ ಆಚೆ, ಹೊಳೆಯ ದಂಡೆಗಿರುವ ಒಂದು ಕರ್ಪೂರದ ಕಾರ್ಖಾನೆಯಲ್ಲಿ. ದೇವರ ಮುಂದೆ ಉರಿಯುವ ಕರ್ಪೂರ ಬಣ್ಣದಂಗಡಿಯ ಟರ್ಪೆಂಟೈನಿನ ಮಗಳು ಅಂದರೆ ನನ್ನ ಅಕ್ಕ ನೀಲಕ್ಕ ಈಗಲೂ ನಂಬುವುದಿಲ್ಲ. 'ನಿನ್ನ ಬಾಯಿಂದ ಬಂದ್ಮೇಲೆ ಅದು ಸುಳ್ಳೇ ಇರ್ಬೇಕು' ಅನ್ನುತ್ತಾಳೆ.

ನಮ್ಮ ಡಿಸೈನ್ ವಿಭಾಗದ ಮುಖ್ಯಸ್ಥರು ಬಕ್ಕೇಶಪ್ಪನವರು. ನಾನಿಟ್ಟ ಹೆಸರು ಉಳಿಕೇಶಪ್ಪ. ಹೆಸರು ಅಂಟಿಕೊಂಡಿತು, ಯಾಕೆಂದರೆ ಆ ಮನುಷ್ಯ ಮನೆಯಲ್ಲಿ ಕೊನೆಯ ದೋಸೆಯನ್ನು ಗ್ಯಾಸ್ ಆರಿಸಿ, ಕಾವಲಿಯಲ್ಲಿ ಉಳಿದ ಕಾವಿನಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಮಾಡಿದ್ದನ್ನೇ ಕಾರ್ಖಾನೆಯಲ್ಲೂ ಮಾಡುತ್ತಿದ್ದರು. ಕುದಿಯುತ್ತ ಹೊರಬರುವ ದ್ರವದ ಪಕ್ಕದಲ್ಲೇ ತಣ್ಣಗೆ ಒಳಹೋಗುವ ದ್ರವವನ್ನು ಹಾಯಿಸಿ, ಇದರ ಬಿಸಿಯನ್ನು ಅದಕ್ಕೆ ದಾಟಿಸಿ, ಬಾಯ್ಲರಿನ ಊಟ ಕಡಿಮೆ ಮಾಡುತ್ತಿದ್ದರು.

"ಬಟ್ಟಿ ಇಳಿಸೋ ಗೋಪುರ ಎತ್ತರ ಕಟ್ಟಿದ್ರೆ ಕಬ್ಬಿಣ ತಿಂತದೆ. ಗಿಡ್ಡ ಕಟ್ಟಿದ್ರೆ ಉಗಿ ಕುಡೀತದೆ," ಎಂದು ನನ್ನ ಮೊದಲ ದಿನವೇ ಪಾಠ ಹೇಳಿದ್ದರು. "ಎರಡೂ ಖರ್ಚು ಕೂಡಿಸಿದ್ರೆ ಎಲ್ಲಿ ಕಮ್ಮಿ ಬೀಳ್ತದೋ ಅಲ್ಲಿ ನಿಂತ್ಕೊಳೋನೇ ಎಂಜಿನಿಯರು ಕಣವ್ವ. ಅದಕ್ಕಿಂತ ಮೇಲೆ ಹೋದೋನು ಶಿಲ್ಪಿ, ಕೆಳಗೆ ಇಳಿದೋನು ಕಂಟ್ರಾಕ್ಟರು."

ಮಾತಿನ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂರನೆಯ ಸಲಕ್ಕೆ ಮಾಡಲೋ ಬೇಡವೋ ಎಂದು ಯೋಚಿಸಿ, "ಕೆ.ಜಿ.ಗೆ ಎಷ್ಟು ಬಿತ್ತವ್ವಾ?" ಎಂದು ಕೇಳುವುದು ಅವರ ಗತ್ತು. ಅದನ್ನು ನಾನು ವಾಕಿಟಾಕಿಯಲ್ಲಿ ಹಾಗೆಯೇ ಇಳಿಸುತ್ತಿದ್ದೆ. ಕಂಟ್ರೋಲ್ ರೂಮಿನ ಆಪರೇಟರ್ ದಾದಾಪೀರ್ ಚಹದ ಲೋಟ ಮೇಜಿನ ಕೆಳಗೆ ಸರಿಸಿ ಎದ್ದು ನಿಲ್ಲುತ್ತಿದ್ದ. ನಾನೆಂದು ಗೊತ್ತಾದ ಮೇಲೆ ಕೂತು, "ಮೇಡಂ, ನೀವು ಹಿಂಗೇ ಆಡ್ತಿರಿ. ಒಂದಿನ ಸಾಹೇಬ್ರೇ ಮಾತಾಡಿದಾಗ ನಾನು 'ಸಾಕು ಸುಮ್ನಿರ್ರೀ' ಅಂದ್ಬಿಡ್ತೀನಿ, ನನ್ನ ಪಗಾರ ನೀವೇ ಕೊಡಬೇಕಾಗ್ತೈತೆ," ಅನ್ನುತ್ತಿದ್ದ.

ಇನ್ನು ಸ್ವಲ್ಪ ವಿಜ್ಞಾನ. ನುಂಗಲು ಸುಲಭವಾಗಿಯೇ ಇದೆ. ಒಳಗೆ ಹಾಕಿದ ಸರಕೆಲ್ಲ ಒಂದೇ ಸುತ್ತಿಗೆ ಕರ್ಪೂರವಾಗುವುದಿಲ್ಲ. ಉಳಿದದ್ದನ್ನು ಬೇರ್ಪಡಿಸಿ ಮತ್ತೆ ಮೊದಲಿಗೆ ಕಳಿಸುತ್ತೇವೆ, ಅದು ಸುತ್ತುತ್ತಲೇ ಇರುತ್ತದೆ. ಕಷ್ಟವೆಂದರೆ, ಮದುವೆಮನೆಯಲ್ಲಿ ಯಾವ ಕೆಲಸಕ್ಕೂ ಕೈಹಾಕದೆ ಸುಮ್ಮನೆ ಓಡಾಡುವ ನೆಂಟರಂಥ ಕೆಲವು ಆವಿಗಳೂ ಈ ಸುತ್ತಿಗೆ ಸೇರಿಕೊಳ್ಳುತ್ತವೆ. ಬಿಟ್ಟರೆ ಅವೇ ತುಂಬಿಕೊಂಡು ಕೆಲಸ ಮಾಡುವವರಿಗೆ ಜಾಗ ಇರುವುದಿಲ್ಲ. ಅದಕ್ಕೇ ದಿನಕ್ಕೊಮ್ಮೆ ವೆಂಟ್ ಪೈಪಿನ ವಾಲ್ವು ತೆಗೆದು ಒಂದಿಷ್ಟು ಆವಿಯನ್ನು ಆಕಾಶಕ್ಕೆ ಬಿಡುತ್ತಿದ್ದೆವು. ಬೇಡದವರನ್ನೇ ಆರಿಸಿ ಕಳಿಸಲು ಬರುವುದಿಲ್ಲ, ಅವರ ಜೊತೆ ಕೆಲವು ಒಳ್ಳೆಯವರೂ ಹೊರಟುಹೋಗುತ್ತಾರೆ. ಹೆಚ್ಚು ಬಿಟ್ಟರೆ ನಷ್ಟ, ಹೆಚ್ಚು ಹಿಡಿದರೆ ಕಷ್ಟ. ಬಕ್ಕೇಶಪ್ಪನವರ ವೃತ್ತಿಯೆಲ್ಲ ಈ ಎರಡು ಷ್ಟಗಳ ನಡುವೆಯೇ ಕಳೆದದ್ದು.

ಆ ವರ್ಷ ಅವರು ದುಬಾರಿ ವೇಗವರ್ಧಕವನ್ನು ತೆಗೆಸಿ, ಹೊಸದಾಗಿ ಬಂದ ಅಗ್ಗದ ಜೇಡಿಮಣ್ಣಿನದನ್ನು ಹಾಕಿಸಿದರು. ಕರ್ಪೂರ ಹೆಚ್ಚಾಯಿತು. ಜೊತೆಗೆ, ಸರಕಿನಲ್ಲಿ ಏನೇನು ಸೇರಿದೆ ಎಂದು ತೋರಿಸುವ ಲ್ಯಾಬಿನ ನಕ್ಷೆಯಲ್ಲಿ, ಗುಡ್ಡದಂಥ ದೊಡ್ಡ ಗೆರೆಗಳ ಪಕ್ಕ, ಗುಬ್ಬಿಯ ಕೊಕ್ಕಿನಷ್ಟು ಒಂದು ಮೊನೆ ಕಾಣಿಸಿಕೊಂಡಿತು. ಅಂಥ ವಸ್ತು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾವು ಅದನ್ನು ಗುಬ್ಬಿ ಎಂದೇ ಕರೆದೆವು. ಬಕ್ಕೇಶಪ್ಪನವರು ಉಪೋತ್ಪನ್ನ ಎಂದು ಬರೆಸಿದರು. ನಾನು ಉಪದ್ರವೋತ್ಪನ್ನ ಎಂದು ಓದಿದೆ.

ಗುಬ್ಬಿಯ ಗುಣ ಮೊದಲು ತಿಳಿದದ್ದು ದಾದಾಪೀರನಿಗೆ. ಸಂಜೆ ಪಾಳಿ ಬದಲಾಗುವಾಗ ವೆಂಟ್ ತೆಗೆದು ಕೆಳಗಿಳಿದು ಬಂದವನ ಕಣ್ಣು ಒದ್ದೆಯಾಗಿತ್ತು.

"ಕಣ್ಣಿಗೆ ಏನಾದ್ರೂ ಬಿತ್ತಾ?" ಎಂದೆ.

"ಮೂಗಿಗೆ ಬಿತ್ತು ಮೇಡಂ," ಎಂದ.

ತಿಂಗಳೊಪ್ಪತ್ತಿನಲ್ಲಿ ಕಾಲೊನಿಗೆಲ್ಲ ಗೊತ್ತಾಯಿತು. ಆ ಆವಿ ಗಾಳಿಯಲ್ಲಿ ತೆಳ್ಳಗೆ ಇಳಿದು ಬಂದಾಗ ಅವರವರಿಗೆ ಅವರವರು ಹಂಬಲಿಸುವುದರ ವಾಸನೆ ಬರುತ್ತಿತ್ತು. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗಿಲ್ಲ. ಗುಬ್ಬಿಗೆ ಸ್ವಂತ ವಾಸನೆ ಇಲ್ಲ. ಮಿದುಳಿನಲ್ಲಿ ವಾಸನೆಯ ಕೋಣೆಗೂ ನೆನಪಿನ ಕೋಣೆಗೂ ನಡುವೆ ಒಂದೇ ಗೋಡೆಯಂತೆ. ಗುಬ್ಬಿ ಆ ಗೋಡೆಯನ್ನು ಆಚೆಯಿಂದ ಕುಟ್ಟುತ್ತದೆ, ಈಚೆ ಯಾರು ಕಾಯುತ್ತಿದ್ದಾರೋ ಅವರು ಎದ್ದು ಬರುತ್ತಾರೆ ಎಂದು ನಾನು ನನಗೆ ಅರ್ಥವಾದ ಹಾಗೆ ಎಲ್ಲರಿಗೂ ಹೇಳಿದೆ. ಪರೀಕ್ಷೆ ಮಾಡಿಸಿದೆವು, ಅಪಾಯವೇನೂ ಇರಲಿಲ್ಲ. ಬಿಡುತ್ತಿದ್ದ ಪ್ರಮಾಣವೂ ಕಾನೂನಿನ ಮಿತಿಯೊಳಗೇ ಇತ್ತು.

ಸಂಜೆಯಾದರೆ ಜನ ಕಾಂಪೌಂಡಿನ ಹೊರಗಿನ ಮೋರಿಕಟ್ಟೆಯ ಮೇಲೆ ಬಂದು ಕೂರತೊಡಗಿದರು. ಮಂಡಕ್ಕಿ ಮಿರ್ಚಿಯವನು ಗಾಡಿ ತಂದ. ಎಣ್ಣೆಯ ವಾಸನೆ ಅಡ್ಡ ಬರುತ್ತದೆಂದು ಜನವೇ ಅವನನ್ನು ಗಾಳಿಯ ಕೆಳಮಗ್ಗುಲಿಗೆ ಅಟ್ಟಿದರು. ಸದ್ದಿಲ್ಲದೆ ಒಂದು ನಡವಳಿಕೆಯೂ ಬೆಳೆಯಿತು. 'ಏನು ಬಂತು' ಎಂದು ಯಾರೂ ಯಾರನ್ನೂ ಕೇಳಬಾರದು. ಗಂಡ ಹೆಂಡತಿಯನ್ನು ಕೇಳುವ ಹಾಗಿಲ್ಲ, ತಾಯಿ ಮಗನನ್ನು ಕೇಳುವ ಹಾಗಿಲ್ಲ. ಹೊಸ ಸೊಸೆಯೊಬ್ಬಳು ತಿಳಿಯದೆ ಕೇಳಿದ್ದಕ್ಕೆ ಅತ್ತೆ ಅವಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಬುದ್ಧಿ ಹೇಳಿದ್ದನ್ನು ನಾನೇ ಕಂಡಿದ್ದೇನೆ. ಕಣ್ಣು ಮುಚ್ಚುವುದು, ಉಸಿರು ಎಳೆಯುವುದು, ಎದ್ದು ಮನೆಗೆ ಹೋಗುವುದು, ಅಷ್ಟೇ. ಬಕ್ಕೇಶಪ್ಪನವರೂ ಬರುತ್ತಿದ್ದರು. ಪೈಪಿಗೆ ಎಲ್ಲರಿಗಿಂತ ಹತ್ತಿರ, ಗೇಟಿನ ಒಳಗಡೆ ನಿಂತು, ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿರುತ್ತಿದ್ದರು. ಆಸೆಯಲ್ಲೂ ಒಂದು ಹನಿ ಚೆಲ್ಲುವುದಿಲ್ಲ ನೋಡು ಎಂದು ನಾನು ಹಾಸ್ಯ ಮಾಡಿದ್ದೆ.

ಮೋರಿಕಟ್ಟೆಗೆ ದಿನವೂ ತಪ್ಪದೆ ಬರುತ್ತಿದ್ದವಳು ನಮ್ಮ ನೀಲಕ್ಕ, ನನ್ನ ಒಡಹುಟ್ಟಿದವಳು. ನನ್ನ ಕ್ವಾರ್ಟರ್ಸಿನಲ್ಲೇ ಇದ್ದಾಳೆ. ಹಾಲೇಶ ಭಾವ ಲಾರಿ ಓಡಿಸುತ್ತಿದ್ದರು. ನಮ್ಮದೇ ಕಾರ್ಖಾನೆಯ ಕರ್ಪೂರ ಹೇರಿಕೊಂಡು ಉತ್ತರದ ಕಡೆ ಹೋದವರು ಬರಲಿಲ್ಲ. ಲಾರಿ ಹೆದ್ದಾರಿ ಪಕ್ಕ ಸಿಕ್ಕಿತು, ಕರ್ಪೂರವೂ ಹಾಗೇ ಇತ್ತು. ಅವರು ಮಾತ್ರ ಇರಲಿಲ್ಲ. ಪೊಲೀಸರು ಹುಡುಕಿದರು, ಭಾವನ ತಮ್ಮಂದಿರು ಹುಡುಕಿದರು, ಆಮೇಲೆ ಎಲ್ಲರೂ ಬಿಟ್ಟರು. ನೀಲಕ್ಕ ಕುಂಕುಮ ಇಟ್ಟುಕೊಳ್ಳುತ್ತಾಳೆ. ಯಾರಾದರೂ ಹುಬ್ಬೇರಿಸಿದರೆ ಮಾರನೆಯ ದಿನ ಇನ್ನೂ ದೊಡ್ಡದಾಗಿ ಇಟ್ಟುಕೊಳ್ಳುತ್ತಾಳೆ. ಅಷ್ಟು ಬಿಟ್ಟರೆ ವರ್ಷಗಟ್ಟಲೆ ಅವಳು ಮನೆಯಲ್ಲಿ ಇದ್ದೂ ಇರಲಿಲ್ಲ. ಗುಬ್ಬಿ ಬಂದ ಮೇಲೆ ತರಕಾರಿಯವನ ಹತ್ತಿರ ಮೊದಲಿನ ಹಾಗೆ ಜಗಳ ಶುರು ಮಾಡಿದಳು. ಮೋರಿಕಟ್ಟೆಯಿಂದ ಬರುವಾಗ ದಾರಿಯುದ್ದ ಏನೋ ಗುನುಗುತ್ತಿದ್ದಳು. ಏನು ಬಂತೆಂದು ನಾನು ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ.

ಹೀಗಿರುವಾಗ ಬಕ್ಕೇಶಪ್ಪನವರು ಒಂದು ಬೆಳಿಗ್ಗೆ ನನ್ನನ್ನು ಕರೆದು ಹೊಸ ನಕಾಶೆ ಮುಂದಿಟ್ಟರು. ವೆಂಟಿನ ಆವಿಯನ್ನು ಆಕಾಶಕ್ಕೆ ಬಿಡದೆ, ಚಿಲ್ಲರ್ ಹಾಕಿ ವಿಪರೀತ ತಣಿಸಿ, ಕಂಡೆನ್ಸರಿನಲ್ಲಿ ದ್ರವ ಮಾಡಿ ಹಿಡಿಯುವುದು. ಒಳ್ಳೆಯ ಸರಕು ಸುತ್ತಿಗೆ ವಾಪಸ್ಸು. ಗುಬ್ಬಿ ಬೇರೆಯಾಗಿ ಬಾಟಲಿಗೆ.

ನಾನು ಎರಡು ಸಲ ಲೆಕ್ಕ ಹಾಕಿದೆ. "ಸರ್, ಚಿಲ್ಲರಿನ ಕರೆಂಟು ಉಳಿಸಿದ್ದನ್ನೆಲ್ಲ ತಿಂದುಬಿಡುತ್ತೆ. ಕೊನೆಗೆ ಉಳಿಯೋದು ತೀರಾ ತೆಳ್ಳಗಿದೆ."

"ತೆಳ್ಳಗಿದ್ರೂ ಉಳಿಕೆ ಉಳಿಕೇನೇ."

"ನೀವೇ ಹೇಳಿದ್ರಲ್ಲ ಸರ್, ಎರಡೂ ಖರ್ಚು ಕೂಡಿಸಿ ಕಮ್ಮಿ ಬಿದ್ದಲ್ಲಿ ನಿಲ್ಲಬೇಕು ಅಂತ. ಇದು ಅಲ್ಲಿಗಿಂತ ಬಹಳ ಮುಂದೆ ಹೋಗೈತೆ."

ಅವರು ನಕಾಶೆಯ ಅಂಚನ್ನು ಬೆರಳಿನಿಂದ ತೀಡುತ್ತ ಕೂತರು. ಗಂಟಲು ಸರಿಮಾಡಿಕೊಳ್ಳಲೂ ಇಲ್ಲ.

"ಸಂಜೆ ಜನ ಬಂದು ಕೂರ್ತಾರಲ್ಲ ಸರ್. ಅವರು ಏನು ಮಾಡಬೇಕು?"

"ಸಿಕ್ಕೋರಿಗೆ ಇಷ್ಟು ದಿನ ಸಿಕ್ಕೈತಲ್ಲವ್ವ," ಎಂದರು. "ಇನ್ನು ಹಿಡೀಬೇಕು. ಗಾಳಿಗೆ ಬಿಟ್ಟಿದ್ದು ಯಾರ ಕೈಗೂ ನಿಲ್ಲಲ್ಲ. ಗಟ್ಟಿಯಾಗಿ ಹಿಡೀಬೇಕು."

ಇಷ್ಟು ಕಲ್ಲಾದ ಮನುಷ್ಯ ಬೇರೆ ಇಲ್ಲ ಎಂದುಕೊಂಡೆ. ಮುಂಬೈಯ ಯಜಮಾನರು ಅವರ ಹೆಸರು ನೋಡಿಯೇ ರುಜು ಹಾಕಿದರು. ಕಂಡೆನ್ಸರ್ ಬಂತು. ಪರೀಕ್ಷೆಗೆಂದು ಓಡಿಸಿದ ದಿನದಿಂದ ವೆಂಟ್ ಬಂದ್ ಆಯಿತು.

ಜನ ಆಮೇಲೂ ಬಂದರು. ಅದೇ ಮೋರಿಕಟ್ಟೆ, ಅದೇ ಹೊತ್ತು. ಕಣ್ಣು ಮುಚ್ಚಿ ಕೂತು, ತೆರೆದು, ಪೈಪಿನ ತುದಿ ನೋಡಿ, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುತ್ತಿದ್ದರು. ಮಂಡಕ್ಕಿಯವನು ಗಾಡಿಯನ್ನು ಮತ್ತೆ ಮೇಲ್ಗಾಳಿಗೆ ತಂದು ನಿಲ್ಲಿಸಿಕೊಂಡ. ಯಾರೂ ಬೇಡವೆನ್ನಲಿಲ್ಲ.

ಒಂದು ಸಂಜೆ ನೀಲಕ್ಕ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳನ್ನು ನಗಿಸೋಣವೆಂದು ಬಕ್ಕೇಶಪ್ಪನವರ ಗಂಟಲು ಮಾಡಿದೆ, ಪಕ್ಕದ ಮನೆಯ ಗುರುಬಸಮ್ಮ ಹಾಲಿನವನ ಜೊತೆ ವಾದಿಸುವುದನ್ನು ಮಾಡಿದೆ. ಅವಳು ಮೊರ ಕೆಳಗಿಟ್ಟಳು.

"ವಿಶಾಲು, ಒಂದ್ಸಲ ನಿಮ್ಮ ಭಾವನ ಧ್ವನಿ ಮಾಡು."

"ಬೇಡ ಕಣಕ್ಕ."

"ಊರೋರದ್ದೆಲ್ಲ ಮಾಡ್ತೀಯ. ಅವರದ್ದೊಂದು ಮಾಡು."

ಹಾಲೇಶ ಭಾವನ ಧ್ವನಿ ನನಗೆ ಚೆನ್ನಾಗಿ ನೆನಪಿತ್ತು. ರಾತ್ರಿಯೆಲ್ಲ ಲಾರಿ ಓಡಿಸಿ ಸ್ವಲ್ಪ ಒಡೆದ ಧ್ವನಿ, ಪ್ರತಿ ಮಾತಿನ ಕೊನೆಯಲ್ಲಿ ಗೇರು ಬದಲಿಸಿದಂಥ ಒಂದು ಎಳೆತ. ಬಾಗಿಲ ಆಚೆ ಹೋಗಿ ನಿಂತೆ. "ನೀಲಾ, ಬಾಗಿಲು ತೆಗಿ. ನೀರು ಕಾಸಿದ್ದೀಯಾ?" ಎಂದೆ.

ಬಗ್ಗಿ ನೋಡಿದೆ. ಅವಳು ಎದ್ದು ನಿಂತಿದ್ದಳು, ಸೆರಗು ಸರಿಮಾಡಿಕೊಂಡಿದ್ದಳು. ಆಮೇಲೆ ಮೆಲ್ಲಗೆ ಕೂತಳು.

"ಧ್ವನಿ ಅವರದೇ," ಎಂದಳು. "ಆದ್ರೆ ಅವ್ರು ನನ್ನ ನೀಲಾ ಅಂತಿರ್ಲಿಲ್ಲ."

"ಮತ್ತೆ ಏನಂತಿದ್ರು?"

"ಅದನ್ನ ನಿನಗ್ಯಾಕೆ ಹೇಳ್ಲಿ," ಎಂದು ಮೊರ ಎತ್ತಿಕೊಂಡಳು. ಅವಳು ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

ನನ್ನ ಸಿಟ್ಟೆಲ್ಲ ಬಕ್ಕೇಶಪ್ಪನವರ ಮೇಲೆ ತಿರುಗಿದ್ದು ಆಗ. ಅವರಿಗೂ ವೆಂಟಿನ ಕೆಳಗೆ ಏನೋ ಬರುತ್ತಿತ್ತಲ್ಲ. ತಾನೂ ಉಣ್ಣುತ್ತಿದ್ದ ಎಲೆಯನ್ನು ಎಳೆದು ಬಿಸಾಕಿದ ಮನುಷ್ಯನಿಗೆ ಒಂದು ಸಲ, ಎಲ್ಲರ ಎದುರಿಗೆ, ಮೂಗು ಸುಟ್ಟುಕೊಳ್ಳುವ ಹಾಗೆ ಮಾಡಬೇಕೆನಿಸಿತು.

ನಮ್ಮ ಕಾರ್ಖಾನೆಯಲ್ಲಿ ಒಂದು ಹಳೆಯ ಪದ್ಧತಿ. ಯಾವ ಹೊಸ ಯಂತ್ರ ಹಾಕಿದರೂ ಪೂಜೆಯ ದಿನ ಅದರ ಮೊದಲ ಬಾಟಲಿಯನ್ನು ವಿನ್ಯಾಸ ಮಾಡಿದವರೇ ತೆರೆದು, ಮೂಸಿ, 'ಸರಕು ಬಂತು' ಎಂದು ಹೇಳಬೇಕು. ಅಲ್ಲಿಯವರೆಗೆ ಅದರ ಮುಚ್ಚಳ ಯಾರೂ ಮುಟ್ಟುವಂತಿಲ್ಲ. ಹೀಗೆ ಮೂಸುವುದು ಎಲ್ಲ ಸುರಕ್ಷತಾ ನಿಯಮಕ್ಕೂ ವಿರುದ್ಧ ಎಂಬ ಫಲಕದ ಕೆಳಗೇ ಇದು ನಡೆಯುತ್ತದೆ. ಬಕ್ಕೇಶಪ್ಪನವರು ಪದ್ಧತಿಗೆ ಕಟ್ಟುಬಿದ್ದವರು, ತಿಂಗಳಿಂದ ಬೀರುವಿನಲ್ಲಿದ್ದ ಗುಬ್ಬಿಯ ಬಾಟಲಿಯನ್ನು ಬರಿದೇ ನೋಡಿ ನೋಡಿ ಹೋಗುತ್ತಿದ್ದರಂತೆ. ಪೂಜೆಯ ಬೆಳಿಗ್ಗೆ ದಾದಾಪೀರನ ಕಾವಲಿನಲ್ಲಿ ನಾನೇ ಮುಚ್ಚಳ ತೆಗೆದೆ. ಆಸೆ ತಡೆಯದೆ ಮೂಸಿದೆ. ದಾದಾಪೀರನೂ ಮೂಸಿದ. ಏನೂ ಬರಲಿಲ್ಲ, ಬಣ್ಣದಂಗಡಿಯ ಮೂಲೆಯ ವಾಸನೆ ಬಿಟ್ಟು. ಗಾಳಿಯಲ್ಲಿ ಒಂದೊಂದಾಗಿ ಹಾರಿದರೆ ಉಲಿಯುವ ಗುಬ್ಬಿ ಒಂದೇ ಪಂಜರದಲ್ಲಿ ಒತ್ತಿ ತುಂಬಿದರೆ ಉಸಿರೆತ್ತುವುದಿಲ್ಲ. ನನ್ನ ಸಿಟ್ಟು ಇಮ್ಮಡಿಯಾಯಿತು. ಈ ಬರಿ ಎಣ್ಣೆಗಾಗಿ ನೀಲಕ್ಕನ ಸಂಜೆ ಹೋಯಿತಲ್ಲ. ಅದನ್ನು ಬೇರೆ ಬಾಟಲಿಗೆ ಸುರಿದು, ಇದಕ್ಕೆ ಒಂದು ಡಬ್ಬಿ ಗಟ್ಟಿ ಇಂಗು ಕುಟ್ಟಿ ಬಿಸಿನೀರಲ್ಲಿ ಕದಡಿ ತುಂಬಿದೆ.

"ಮೇಡಂ, ಯಜಮಾನ್ರು ಇರ್ತಾರೆ," ಎಂದ ದಾದಾಪೀರ್.

"ಇರಲಿ. ಅವರಿಗೂ ಜೀರ್ಣ ಆಗಲಿ."

ಕಂಡೆನ್ಸರಿಗೆ ಹಾರ ಹಾಕಿ ಕಾಯಿ ಒಡೆದರು. ಅಂಗಳದಲ್ಲಿ ಕಾರ್ಖಾನೆಯವರೆಲ್ಲ ಇದ್ದರು. ಗೇಟು ತೆಗೆದಿದ್ದರಿಂದ ಕಾಲೊನಿಯವರೂ ಒಳಗೆ ಬಂದು ಹಿಂದೆ ನಿಂತಿದ್ದರು. ನೀಲಕ್ಕನೂ ಇದ್ದಳು. ಬಕ್ಕೇಶಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಚ್ಚಳ ತಿರುಗಿಸಿದರು.

ಮುಂದಿನ ಸಾಲಿನಲ್ಲಿದ್ದ ಯಜಮಾನರು ಕರ್ಚೀಫು ಹುಡುಕಿದರು. ಎರಡನೆಯ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಹಿಂದಿನಿಂದ ಯಾರೋ "ಇವತ್ತು ಸಾರು ಇಲ್ಲೇನಾ" ಎಂದರು. ಬಕ್ಕೇಶಪ್ಪನವರು ಬಾಟಲಿಯ ಬಾಯಿಗೆ ಮೂಗಿಟ್ಟು ಉಸಿರೆಳೆದರು. ಕಣ್ಣು ಮುಚ್ಚಿದರು. ಮತ್ತೆ ಎಳೆದರು. ಬಾಟಲಿ ಅಲ್ಲಾಡಿಸಿ ಇನ್ನೊಮ್ಮೆ ಎಳೆದರು, ಬೀಗದ ಕೈಗಾಗಿ ಒಂದೊಂದೇ ಜೇಬು ತಡಕುವವರ ಹಾಗೆ. ಬಾಯಿ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದ ನನಗೆ ನಗು ಬರಲಿಲ್ಲ. ಆ ಮುಖದಲ್ಲಿ ಏನೋ ಒಂದು ಮೆಲ್ಲಗೆ ಕುಸಿದು ಕೂತಿತು.

ಆಮೇಲೆ ಅವರು ಕಣ್ಣು ತೆರೆದು ಎಲ್ಲರನ್ನೂ ನೋಡಿ ನಕ್ಕರು.

"ಬಂತು," ಎಂದರು. "ಸರಕು ಬಂತು. ಭಾಳ ಚೆನ್ನಾಗೈತೆ. ನಮ್ಮವ್ವ ಹೊಲದಾಗೆ ಹಸಿ ಕಡ್ಲೆಗಿಡ ಸುಡ್ತಿದ್ಲು. ಅದೇ ಬಂತು."

ಇಂಗಿನ ವಾಸನೆ ಅಂಗಳ ದಾಟಿ ರಸ್ತೆಗೆ ಹೋಗಿತ್ತು.

ದಾದಾಪೀರ್ ಮುಂದೆ ಬಂದು ಮೆಲ್ಲಗೆ, "ಸರ್, ಅದು ಇಂಗು," ಎಂದ.

ಅವರು ಬಾಟಲಿ ನೋಡಿದರು. ಮೂಗು ಮುಚ್ಚಿಕೊಂಡ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದರು. ಕೊನೆಗೆ ನನ್ನನ್ನು.

"ಏನವ್ವ ವಿಶಾಲಾಕ್ಷಿ. ಇಂಗಾ?"

"ಹೌದು ಸರ್."

"ಪುಡಿ ಇಂಗೋ, ಗಟ್ಟಿ ಇಂಗೋ?"

"ಗಟ್ಟಿ ಇಂಗು ಸರ್. ಒಂದು ಡಬ್ಬಿ ಪೂರ್ತಿ."

"ಒಂದು ಡಬ್ಬಿ ಪೂರ್ತಿ," ಎಂದು ಅವರು ತಲೆಯಾಡಿಸಿದರು. ಹಾರ ಹಾಕಿದ ಕಂಡೆನ್ಸರಿಗೆ ಒರಗಿ ನಿಂತರು. "ನಾನು ಹುಡುಗ ಇದ್ದಾಗ ಒಂದು ಕಡೆ ಗ್ಯಾಸ್ ಸೋರಿತ್ತು ಕಣವ್ವ. ಆವತ್ತು ಹೋದ ಮೂಗು. ಕರ್ಪೂರದ ಕಾರ್ಖಾನೇಲಿ ಮೂಗಿಲ್ಲದೋನು ಅಂದ್ರೆ ಯಾರು ಇಟ್ಕೊಂತಾರೆ. ಯಾರಿಗೂ ಹೇಳ್ಲಿಲ್ಲ. ಸಂಜೆ ನೀವೆಲ್ಲ ಕಣ್ಣು ಮುಚ್ತಿದ್ರಿ, ನಾನೂ ಮುಚ್ಚಿದೆ. ಏನು ಬಂತು ಅಂತ ಯಾರೂ ಕೇಳಲ್ವಲ್ಲ, ಅನುಕೂಲ ಆಯ್ತು. ಗಾಳಿಯಾಗೆ ತೆಳ್ಳಗೆ ಬಂದ್ರೆ ನನಗೆ ಸಿಗಲ್ಲ, ಗಟ್ಟಿ ಮಾಡಿ ಹಿಡಿದ್ರೆ ಒಂದ್ಸಲ ಸಿಕ್ಕೀತು ಅಂತ ಇದನ್ನ ಕಟ್ಟಿಸಿದೆ."

"ಬಕ್ಕೇಶಪ್ಪ, ಮತ್ತೆ ಉಳಿತಾಯ?" ಎಂದರು ಯಜಮಾನರು, ಕರ್ಚೀಫಿನೊಳಗಿನಿಂದ.

"ಇಲ್ಲ ಸಾಹೇಬ್ರೆ. ಆ ಹುಡುಗಿ ಲೆಕ್ಕ ಸರಿ ಇತ್ತು. ಬಿಡೋದೇ ಅಗ್ಗ."

ನನ್ನ ಗಂಟಲಲ್ಲಿ ಆಗ ಬೇರೆ ಯಾರ ಧ್ವನಿಯೂ ಇರಲಿಲ್ಲ, ನನ್ನದೊಂದೇ ಇತ್ತು. "ಸರ್, ನಿಜವಾದ ಬಾಟಲೀನೂ ಮೂಸಿದೀವಿ. ಅದರಲ್ಲೂ ಏನೂ ಇಲ್ಲ. ಯಾರಿಗೂ ಏನೂ ಬರಲ್ಲ."

"ಯಾರಿಗೂ?"

"ಯಾರಿಗೂ ಇಲ್ಲ ಸರ್."

"ಹಂಗಾದ್ರೆ ನನಗೊಬ್ಬನಿಗೇ ಅಲ್ಲ," ಎಂದರು. "ದಾದಾಪೀರ್, ಹೋಗಿ ವೆಂಟ್ ತೆಗಿಯಪ್ಪ. ಜನ ಬಂದು ನಿಂತವ್ರೆ."

ಮೇಲೆ ವಾಲ್ವು ತಿರುಗಿದ ಸದ್ದಾಯಿತು. ಆವಿ ಕಾಣಿಸುವುದಿಲ್ಲ, ಆದರೆ ಗಾಳಿ ಹೊಳೆಯ ಕಡೆಯಿಂದ ತಿರುಗಿ ಕೆಳಗಿಳಿದಾಗ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದರು. ಕರ್ಚೀಫು ತೆಗೆದ ಯಜಮಾನರೂ ಮುಚ್ಚಿದರು. ಬಕ್ಕೇಶಪ್ಪನವರು ಮಾತ್ರ ಈ ಸಲ ಕಣ್ಣು ತೆರೆದುಕೊಂಡೇ ಎಲ್ಲರ ಮುಖ ನೋಡುತ್ತಿದ್ದರು, ಕಿಟಕಿಯ ಹೊರಗೆ ನಿಂತು ಒಳಗಿನ ಪಂಕ್ತಿ ನೋಡುವವರ ಹಾಗೆ.

ಆಗ ನೀಲಕ್ಕ ಹಿಂದಿನ ಸಾಲಿನಿಂದ ಬಂದಳು. ಅವರ ಎದುರು ನಿಂತಳು.

"ಸರ್, ನನಗೆ ಒದ್ದೆ ತಾಡಪಾಲು," ಎಂದಳು. "ಮಳೇಲಿ ನೆಂದು ಬಂದ ಲಾರಿ ತಾಡಪಾಲು. ಅದರ ಸಂದಿಯಾಗೆ ಲವಂಗ. ನಿದ್ದೆ ಬರಬಾರದು ಅಂತ ಬಾಯಾಗೆ ಇಟ್ಕೊಂಡಿರ್ತಿದ್ರು. ಮೆಟ್ಟಿಲು ಹತ್ತೋಕೆ ಮುಂಚೇನೇ ಗೊತ್ತಾಗ್ತಿತ್ತು."

ಅಂಗಳದಲ್ಲಿ ಎಲ್ಲರೂ ಕಣ್ಣು ತೆರೆದರು. ಹಾಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಬಕ್ಕೇಶಪ್ಪನವರು ಕುತ್ತಿಗೆ ಬಗ್ಗಿಸಿ ಕೇಳಿಸಿಕೊಂಡರು. "ಲವಂಗ," ಎಂದು ಒಮ್ಮೆ ತಮ್ಮಷ್ಟಕ್ಕೇ ಅಂದು, ಮೂಗಿನಿಂದ ಮೆಲ್ಲಗೆ ಉಸಿರೆಳೆದರು. "ಆಮೇಲೆ?"

"ಆಮೇಲೆ ಡೀಸೆಲ್ಲು. ಸ್ವಲ್ಪ."

ಮೇಲಿನಿಂದ ಇಳಿದು ಬಂದ ದಾದಾಪೀರ್ ನಾಚಿಕೊಂಡು, "ನಮ್ಮ ದಾದಿ, ಅಂದ್ರೆ ಅಜ್ಜಿ, ಅವರ ಸಂದೂಕ ಸರ್. ಸಂದೂಕ ತೆಗೆದಾಗ ಬರ್ತಿತ್ತಲ್ಲ, ಹಳೇ ಸೀರೆ, ಒಣಗಿದ ಕೇದಗೆ," ಎಂದ. ಗುರುಬಸಮ್ಮ ತಮ್ಮ ತೀರಿಹೋದ ಎಮ್ಮೆಯ ಹೆಸರು ಹೇಳಿದರು. ಒಬ್ಬರ ಹಿಂದೊಬ್ಬರು ಬಂದು ನಿಂತರು, ಮಂಗಳಾರತಿ ತೆಗೆದುಕೊಳ್ಳುವ ಸಾಲಿನ ಹಾಗೆ. ಬಕ್ಕೇಶಪ್ಪನವರು ಪ್ರತಿಯೊಬ್ಬರಿಗೂ ಬಗ್ಗಿ, "ಹೂಂ, ಆಮೇಲೆ?" ಎಂದು ಕೇಳಿ, ಅವರು ಹೇಳಿದ್ದನ್ನು ಒಂದೊಂದು ಉಸಿರು ಎಳೆದು ಒಳಗೆ ತೆಗೆದುಕೊಂಡರು.

ಕೊನೆಗೆ ನನ್ನ ಸರದಿ ಬಂತು.

"ನಿನಗೇನು ಬಂತವ್ವ?"

"ಬೆಳಿಗ್ಗೆಯಿಂದ ಐದು ಸಲ ಕೈ ತೊಳೆದಿದ್ದೀನಿ ಸರ್," ಎಂದೆ. "ಗುಬ್ಬಿ ಬಂದು ಗೋಡೆ ಕುಟ್ಟಿದ್ರೂ ಇಂಗೇ ಬಾಗಿಲು ತೆಗೀತಿದೆ."

ಮೊದಲು ನಕ್ಕವಳು ನೀಲಕ್ಕ. ಆಮೇಲೆ ದಾದಾಪೀರ್ ನಕ್ಕ, ಯಜಮಾನರು ನಕ್ಕರು, ಅಂಗಳವೇ ನಕ್ಕಿತು. ಬಕ್ಕೇಶಪ್ಪನವರು ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೋದರು, ಆಗಲಿಲ್ಲ. "ಕಡ್ಲೆಗಿಡ ಅಂದ್ನಲ್ಲೋ," ಎಂದು ದಾದಾಪೀರನ ಹೆಗಲು ಹಿಡಿದರು. "ಒಂದು ಡಬ್ಬಿ ಇಂಗು ಮೂಸಿ ಕಡ್ಲೆಗಿಡ ಅಂದ್ನಲ್ಲೋ." ಕಣ್ಣಿಂದ ನೀರು ಸುರಿಯುತ್ತಿತ್ತು, ಬಿಳಿ ಅಂಗಿಯ ಮೇಲೆ ಇಂಗಿನ ನೀರು ಚೆಲ್ಲುತ್ತಿತ್ತು. ನಾವೆಲ್ಲ ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೂ ಅವರ ನಗು, ಅಷ್ಟು ದಿನ ಒಳಗೇ ಸುತ್ತುತ್ತಿದ್ದ ಆ ದೊಡ್ಡ ನಗು, ಗೇಟು ದಾಟಿ ಮೋರಿಕಟ್ಟೆಯ ತನಕ ಕೇಳುತ್ತಿತ್ತು.